ಪ್ರಶಸ್ತಿಯೂ ಪ್ರತಿಯೂ

ನವೆಂಬರ್ ತಿಂಗಳು ಹತ್ತಿರವಾದಂತೆ ನಮ್ಮ ವಿದ್ಯಾರ್ಥಿನಿಲಯದ ವಾಚನಾಲಯದಲ್ಲಿ ಒಂದು ವಿಶೇಷವಾದ ಚಟುವಟಿಕೆ ಕಾಣುವುದು. ಕ್ರೀಡಾಪುಟವನ್ನಲ್ಲದೆ ಬೇರೆ ಪುಟವನ್ನು ಮುಟ್ಟದ ಮಿತ್ರರೂ ಆ ದಿನಗಳಲ್ಲಿ ಪತ್ರಿಕೆಯ ಮೊದಲ ಪುಟವನ್ನು ಹರಡಿಕೊಂಡು ಕುಳಿತಿರುತ್ತಾರೆ. ರಾಜ್ಯೋತ್ಸವ ಪ್ರಶಸ್ತಿಯ ಪಟ್ಟಿ ಬಂದಿರುತ್ತದೆ. 'ನಮ್ಮ ಜಿಲ್ಲೆಗೆ ಎಷ್ಟು?' ಎಂಬುದು ಮೊದಲನೆಯ ಪ್ರಶ್ನೆ. 'ಇವರು ಯಾರು, ಏನು ಮಾಡಿದವರು?' ಎಂಬುದು ಎರಡನೆಯದು. ಮೊದಲನೆಯದಕ್ಕೆ ಪತ್ರಿಕೆಯಲ್ಲಿಯೇ ಉತ್ತರವಿರುತ್ತದೆ. ಎರಡನೆಯದಕ್ಕೆ ಅನೇಕ ವೇಳೆ ಇರುವುದಿಲ್ಲ. ಈ ಎರಡನೆಯ ಪ್ರಶ್ನೆಯನ್ನು ಕುರಿತು ನನಗೆ ತೋಚಿದ ನಾಲ್ಕು ಮಾತುಗಳನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಪ್ರಶಸ್ತಿಗಳ ವಿಷಯದಲ್ಲಿ ನಮ್ಮ ನಾಡು ಜಿಪುಣವೆಂದು ಯಾರೂ ಹೇಳಲಾರರು. 1956ರ ನವೆಂಬರ್ 1ರಂದು ಕನ್ನಡ ಪ್ರದೇಶಗಳು ಒಂದಾದುವು. ಹತ್ತು ವರ್ಷಗಳ ತರುವಾಯ, 1966ರಲ್ಲಿ, ಅಂದಿನ ಮೈಸೂರು ಸರಕಾರ ರಾಜ್ಯೋತ್ಸವದ ಹೆಸರಿನ ಪ್ರಶಸ್ತಿಯನ್ನು ಆರಂಭಿಸಿತು. 1973ರಲ್ಲಿ ನಾಡು 'ಕರ್ನಾಟಕ'ವಾದ ಮೇಲೂ ಆ ಪದ್ಧತಿ ಮುಂದುವರಿದು ಬಂದಿದೆ. 2025ರಲ್ಲಿ ಪ್ರಶಸ್ತಿ ಪಡೆದವರಿಗೆ ತಲಾ ಐದು ಲಕ್ಷ ರೂಪಾಯಿ ನಗದೂ 25 ಗ್ರಾಂ ಚಿನ್ನದ ಪದಕವೂ ದೊರೆತುವು. ಇದಲ್ಲದೆ ಒಂದೊಂದು ಕಲೆಗೂ ಪ್ರತ್ಯೇಕವಾದ ಪ್ರಶಸ್ತಿಗಳಿವೆ. ರಂಗಭೂಮಿಗೆ ಗುಬ್ಬಿ ವೀರಣ್ಣನವರ ಹೆಸರು, ಚಿತ್ರಕಲೆಗೆ ವೆಂಕಟಪ್ಪನವರ ಹೆಸರು, ಶಿಲ್ಪಕ್ಕೆ ಜಕಣಾಚಾರಿಯ ಹೆಸರು, ನೃತ್ಯಕ್ಕೆ ಶಾಂತಲೆಯ ಹೆಸರು, ವಾದ್ಯಸಂಗೀತಕ್ಕೆ ಚೌಡಯ್ಯನವರ ಹೆಸರು, ಗಮಕಕ್ಕೆ ಕುಮಾರವ್ಯಾಸನ ಹೆಸರು, ಲೇಖಕಿಯರಿಗೆ ದಾನಚಿಂತಾಮಣಿ ಅತ್ತಿಮಬ್ಬೆಯ ಹೆಸರು. ಹಳಬರ ಹೆಸರನ್ನು ಹೊಸಬರ ಕೊರಳಿಗೆ ಹಾಕುವ ಈ ಸಂಪ್ರದಾಯ ಅಂದವಾದುದು. ಅದನ್ನು ಆಕ್ಷೇಪಿಸಲು ಕಾರಣವಿಲ್ಲ.

ಪ್ರಶಸ್ತಿಯಿಂದ ಒಳಿತಾಗಿಲ್ಲವೆಂದು ಹೇಳುವುದೂ ಅನ್ಯಾಯವಾದೀತು. ಜೋಗತಿಯರ ಹಾಡು ಕುಣಿತಗಳನ್ನು ಬೀದಿಯ ಭಿಕ್ಷೆಯೆಂದು ತಿಳಿದಿದ್ದ ಸಮಾಜ ಮಂಜಮ್ಮ ಜೋಗತಿಯವರ ಹೆಸರನ್ನು 2010ರ ರಾಜ್ಯೋತ್ಸವ ಪ್ರಶಸ್ತಿಯಲ್ಲಿ ಓದಿತು. 2019ರಲ್ಲಿ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಬಂದಿತು. ಅಂಕೋಲೆಯ ಕಡೆಯ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿಯೂ, ಕೊಪ್ಪಳ ಜಿಲ್ಲೆಯ ಮೊರನಾಳದ ತೊಗಲುಗೊಂಬೆಯ ಹಿರಿಯಜ್ಜಿ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿಯೂ ಪದ್ಮಶ್ರೀ ದೊರೆತಾಗ ಸಂತೋಷಪಡದವರಾರು? ಮಾನ ದೊರೆತಲ್ಲಿ ಒಂದು ಸಮುದಾಯವೇ ತಲೆ ಎತ್ತಿ ನಡೆಯುವುದು. ಇದು ಹಣದಿಂದ ಅಳೆಯತಕ್ಕ ಲಾಭವಲ್ಲ.

ಪಟ್ಟಿ ಪ್ರಕಟವಾದ ಮರುದಿನ ಕೇಳಿಬರುವ ಆಕ್ಷೇಪಣೆಗಳೂ ಎಲ್ಲರಿಗೆ ತಿಳಿದವೇ. ವಶೀಲಿ ನಡೆಯಿತು, ಜಾತಿ ನೋಡಿದರು, ಜಿಲ್ಲೆಗಳನ್ನು ತಕ್ಕಡಿಯಲ್ಲಿಟ್ಟರು, ಎಂಬ ಮಾತುಗಳು ಚಹದಂಗಡಿಯಲ್ಲಿ ಎರಡು ದಿನ ನಡೆದು ಮೂರನೆಯ ದಿನ ತಣ್ಣಗಾಗುವುವು. ಒಂದು ಕಾಲದಲ್ಲಿ ಸಂಖ್ಯೆಗೆ ಮಿತಿಯಿರದೆ ಒಂದೊಂದು ವರ್ಷ ನೂರನ್ನೂ ದಾಟಿದ್ದುಂಟು. ಈಚೆಗೆ ಅದಕ್ಕೊಂದು ಲೆಕ್ಕ ಹಾಕಿದ್ದಾರೆ: ಎಷ್ಟನೆಯ ರಾಜ್ಯೋತ್ಸವವೋ ಅಷ್ಟು ಮಂದಿ. 2023ರಲ್ಲಿ 68 ಮಂದಿ ಗಣ್ಯರು, 2025ರಲ್ಲಿ 70 ಮಂದಿ. ಮಿತಿಯೊಂದು ಇರುವುದು ಒಳ್ಳೆಯದೇ. ಆದರೆ ನಾಡಿಗೆ ಒಂದು ವಯಸ್ಸು ಏರಿದಂತೆಲ್ಲ ಯೋಗ್ಯರು ಒಬ್ಬೊಬ್ಬರಾಗಿ ಹೆಚ್ಚುವರೆಂಬ ಈ ಗಣಿತ ಯಾವ ಶಾಸ್ತ್ರದ್ದೋ ತಿಳಿಯದು. ಅದಿರಲಿ. ಈ ದೂರುಗಳನ್ನು ನಾನಿಲ್ಲಿ ಬೆಳೆಸಹೋಗುವುದಿಲ್ಲ. ಪಟ್ಟಿಯಲ್ಲಿರುವ ಪ್ರತಿಯೊಬ್ಬರೂ ಯೋಗ್ಯರೆಂದೇ ಒಪ್ಪಿಕೊಳ್ಳೋಣ. ಆಗಲೂ ಒಂದು ಕೊರತೆ ಉಳಿಯುವುದು. ಅದೇ ನನಗೆ ಮುಖ್ಯವಾಗಿ ಕಾಣುತ್ತದೆ. ಅದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ, ಒಂದು ಅರ್ಜಿಯನ್ನು ತುಂಬಲು ಹೋಗಿ ಕಲಿತೆ.

ನಮ್ಮದು ಬಯಲುಸೀಮೆಯ ಒಂದು ಹಳ್ಳಿ. ಅಲ್ಲಿ ಮೂಡಲಪಾಯದ ಭಾಗವತರೊಬ್ಬರಿದ್ದರು. ಮೂಡಲಪಾಯವೆಂದರೆ ಕರಾವಳಿಯ ಯಕ್ಷಗಾನದ ಒಡಹುಟ್ಟು. ಮುಖವೀಣೆ, ಮದ್ದಳೆ, ತಾಳಗಳೊಡನೆ ಭಾಗವತರು ಹಿಂದೆ ನಿಂತು ಹಾಡುವರು. ಹಗಲು ಹೊಲ ಉತ್ತವರೇ ರಾತ್ರಿ ಭುಜಕೀರ್ತಿ ಕಿರೀಟಗಳನ್ನು ಕಟ್ಟಿ ಬೆಳಗಿನವರೆಗೆ ಕುಣಿಯುವರು. ನಮ್ಮ ಭಾಗವತರಿಗೆ 'ಕರಿಭಂಟನ ಕಾಳಗ' ಮೊದಲಾಗಿ ಒಂಬತ್ತು ಪ್ರಸಂಗಗಳು ಬಾಯಿಗೆ ಬರುತ್ತಿದ್ದುವು. ಓದು ಬರಹ ಅಷ್ಟಕ್ಕಷ್ಟೇ. ನಾವೆಲ್ಲ ಅವರನ್ನು ತಾತ ಎಂದೇ ಕರೆಯುತ್ತಿದ್ದೆವು.

ನಾನು ಕಾಲೇಜು ಸೇರಿದ ಮೊದಲನೆಯ ವರ್ಷದ ಬೇಸಗೆ ರಜೆಯಲ್ಲಿ ಊರಿನ ಹಿರಿಯರು ನನ್ನನ್ನು ಕರೆಸಿ, 'ತಾತನಿಗೆ ಒಂದು ಪ್ರಶಸ್ತಿ ಬರಬೇಕಪ್ಪ; ನೀನು ಓದಿದವನು, ಅರ್ಜಿ ಬರೆದುಕೊಡು' ಎಂದರು. ನಾನು ಉತ್ಸಾಹದಿಂದಲೇ ಕುಳಿತೆ. ಅರ್ಜಿಯ ನಮೂನೆಯಲ್ಲಿ ಅನೇಕ ಅಂಕಣಗಳಿದ್ದುವು: ಸ್ವವಿವರ, ಭಾವಚಿತ್ರಗಳು, ಪತ್ರಿಕೆಗಳಲ್ಲಿ ಬಂದ ವರದಿಗಳ ತುಣುಕುಗಳು, ಪ್ರದರ್ಶನ ನೀಡಿದುದಕ್ಕೆ ಪ್ರಮಾಣಪತ್ರಗಳು. ಪ್ರಮಾಣಪತ್ರವನ್ನು ಕೇಳಿದಾಗ ತಾತ ನಕ್ಕು, 'ರಾತ್ರಿಯೆಲ್ಲ ಪದ ಹಾಡ್ದೋನಿಗೆ ಬೆಳಿಗ್ಗೆ ರಸೀತಿ ಕೊಡೋರು ಯಾರಪ್ಪ?' ಎಂದರು. ಮುಂದಿನ ಅಂಕಣ 'ಈ ಹಿಂದೆ ಪಡೆದ ಪ್ರಶಸ್ತಿಗಳು'. ಅದನ್ನು ಓದಿ ಹೇಳಿದೆ. 'ಯಾವುದೂ ಇಲ್ಲ ಕಣಪ್ಪ. ಇಲ್ಲ ಅಂತ ತಾನೆ ಈ ಕಾಗದ ಬರೀತಿರೋದು?' ಎಂದರು.

ನಮೂನೆಯನ್ನು ನಾನು ಮೇಲಿಂದ ಕೆಳಗಿನವರೆಗೆ ಎರಡು ಸಲ ಓದಿದೆ. ತಾತನಿಗೆ ಯಾವ ಯಾವ ಪ್ರಸಂಗ ಬರುತ್ತದೆ, ಯಾರಿಂದ ಕಲಿತರು, ಯಾರಿಗೆ ಕಲಿಸಿದರು, ಅವರಿಗೆ ಬರುವುದರಲ್ಲಿ ಬೇರೆ ಯಾರಿಗೂ ಬಾರದುದು ಯಾವುದು, ಎಂಬುದಕ್ಕೆ ಒಂದು ಅಂಕಣವೂ ಇರಲಿಲ್ಲ. ಹಾಗೂ ಹೀಗೂ ತುಂಬಿ, ಗ್ರಾಮ ಪಂಚಾಯಿತಿಯ ಒಂದು ಪತ್ರವನ್ನು ಲಗತ್ತಿಸಿ ಕಳುಹಿಸಿದೆವು. ಉತ್ತರ ಬರಲಿಲ್ಲ. ಅದಕ್ಕಾಗಿ ನಾನು ಯಾವ ಕಚೇರಿಯನ್ನೂ ದೂರುವುದಿಲ್ಲ. ಅಂಥ ಅರ್ಜಿಗಳು ಎಷ್ಟು ಬಂದಿದ್ದುವೋ. ಮುಂದಿನ ಮಾಘಮಾಸದಲ್ಲಿ ತಾತ ತೀರಿಕೊಂಡರು. ಈಗ ನಮ್ಮೂರಿನಲ್ಲಿ ಎರಡು ಪ್ರಸಂಗಗಳನ್ನು ಆಡಬಲ್ಲವರಿದ್ದಾರೆ. ಉಳಿದ ಏಳು ಹೋದುವು.

ಅಂದಿನಿಂದ ಒಂದು ಪ್ರಶ್ನೆ ನನ್ನನ್ನು ಕಾಡುತ್ತಿದೆ. ತಾತನಿಗೆ ಪ್ರಶಸ್ತಿ ಬಂದಿದ್ದರೆ ಏನಾಗುತ್ತಿತ್ತು? ಶಾಲು, ಹಾರ, ಪದಕ, ಒಂದಷ್ಟು ಹಣ ಬರುತ್ತಿತ್ತು. ಮನೆಯ ಗೋಡೆಯ ಮೇಲೆ ಚಿತ್ರವೊಂದು ತೂಗುತ್ತಿತ್ತು. ಅವರು ಸುಖವಾಗಿ ಕಣ್ಣು ಮುಚ್ಚುತ್ತಿದ್ದರು. ಇದು ಸಣ್ಣ ಮಾತಲ್ಲ. ಆದರೆ ಏಳು ಪ್ರಸಂಗಗಳು? ಅವು ಆಗಲೂ ಹೋಗಿಯೇ ಹೋಗುತ್ತಿದ್ದುವು. ಕಲಾವಿದನನ್ನು ಗೌರವಿಸಿ ಕಲೆಯನ್ನು ಮರೆತರೆ ಗೌರವ ಅರ್ಧವಾಯಿತು. ಇದೇ ನಾನು ಹೇಳಬೇಕೆಂದಿರುವ ಮಾತು.

'ಪ್ರಶಸ್ತಿ' ಎಂಬ ಶಬ್ದದ ಕಥೆಯನ್ನೇ ನೋಡೋಣ. ಚರಿತ್ರೆಯ ವಿದ್ಯಾರ್ಥಿಗಳಿಗೆ ಅದು ಶಾಸನದ ಶಬ್ದ. ಐಹೊಳೆಯ ಗುಡಿಯ ಗೋಡೆಯ ಮೇಲೆ ರವಿಕೀರ್ತಿಯು 634ರಲ್ಲಿ ಕೆತ್ತಿಸಿದ್ದು ಇಮ್ಮಡಿ ಪುಲಕೇಶಿಯ ಪ್ರಶಸ್ತಿ. ಅಂದಿನ ಪ್ರಶಸ್ತಿಯೆಂದರೆ ಪದಕವಲ್ಲ, ಬರಹ. ಇಂಥವನು ಇಂಥಿಂಥ ಕೆಲಸ ಮಾಡಿದನು ಎಂದು ವಿವರವಾಗಿ ಹೇಳುವ ಬರಹ. ಅದರಲ್ಲಿ ಹೊಗಳಿಕೆ ಹೆಚ್ಚಾಗಿರಬಹುದು, ಆದರೆ ಕಾರಣ ಹೇಳದೆ ಹೊಗಳುತ್ತಿರಲಿಲ್ಲ. ಪಂಪನ ಉದಾಹರಣೆಯನ್ನು ತೆಗೆದುಕೊಳ್ಳಿ. ಅರಿಕೇಸರಿಯು ಅವನಿಗೆ ಧರ್ಮಪುರವೆಂಬ ಅಗ್ರಹಾರವನ್ನು ಕೊಟ್ಟನು. ಏಕೆ ಕೊಟ್ಟನು? ವಿಕ್ರಮಾರ್ಜುನ ವಿಜಯವನ್ನು ರಚಿಸಿದುದಕ್ಕೆ. ಇದನ್ನು ಪಂಪನ ತಮ್ಮ ಜಿನವಲ್ಲಭನು ಇಂದಿನ ತೆಲಂಗಾಣದ ಕುರ್ಕ್ಯಾಲದ ಬಂಡೆಯ ಮೇಲೆ ಬರೆಯಿಸಿದ್ದಾನೆ. ಸಾವಿರ ವರ್ಷಕ್ಕೂ ಹಿಂದಿನ ಒಂದು ಗೌರವಕ್ಕೆ ಕಾರಣವೇನೆಂಬುದು ಇಂದಿಗೂ ಬಂಡೆಯ ಮೇಲಿದೆ. ಕಳೆದ ವರ್ಷದ ಪಟ್ಟಿಯಲ್ಲಿ ಹೆಸರು, ಜಿಲ್ಲೆ, ಕ್ಷೇತ್ರ ಎಂಬ ಮೂರು ಅಂಕಣಗಳಿದ್ದುವು. ಬಂಡೆಯಲ್ಲಿ ಕೆತ್ತುವ ಕಷ್ಟ ನಮಗಿಲ್ಲ. ಆದರೂ ನಾವು ಬರೆಯುವುದು ಅವರಿಗಿಂತ ಕಡಮೆ.

ಇನ್ನೊಂದು ಉದಾಹರಣೆ ಇದಕ್ಕಿಂತ ಹೆಚ್ಚು ಬೋಧಪ್ರದವಾದುದು. ಪೊನ್ನನಿಗೆ ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನಿಂದ 'ಉಭಯಕವಿಚಕ್ರವರ್ತಿ' ಎಂಬ ಬಿರುದು ಬಂದಿತ್ತು. ಆ ಕಾಲಕ್ಕೆ ಅದಕ್ಕಿಂತ ದೊಡ್ಡ ಪ್ರಶಸ್ತಿ ಯಾವುದಿದ್ದೀತು? ಆದರೆ ಅವನ 'ಭುವನೈಕರಾಮಾಭ್ಯುದಯ' ನಮಗೆ ದೊರೆತಿಲ್ಲ. ಬಿರುದು ಉಳಿಯಿತು, ಗ್ರಂಥ ಅಳಿಯಿತು. ಆದರೆ ಅದೇ ಕವಿಯ 'ಶಾಂತಿಪುರಾಣ' ನಮ್ಮ ಕೈಯಲ್ಲಿದೆ. ಅತ್ತಿಮಬ್ಬೆಯು ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದನ್ನು ನಾವೆಲ್ಲ ಸಾಹಿತ್ಯ ಚರಿತ್ರೆಯ ಪಾಠದಲ್ಲಿ ಓದಿದ್ದೇವೆ. ಓಲೆಗರಿಯ ಮೇಲೆ, ಕಂಠದಿಂದ, ಒಂದೊಂದಾಗಿ ಸಾವಿರ! ಅವಳು ಕವಿಗೆ ಬಿರುದು ಕೊಡಲಿಲ್ಲ. ಕೊಡಲು ಅವಳು ಚಕ್ರವರ್ತಿಯೂ ಅಲ್ಲ. ಅವಳು ಕೊಟ್ಟುದು ಪ್ರತಿ. ಇಬ್ಬರಲ್ಲಿ ಕವಿಗೆ ಹೆಚ್ಚಿನ ಉಪಕಾರ ಮಾಡಿದವರು ಯಾರು, ವಾಚಕರೇ ಹೇಳಲಿ. ಅತ್ತಿಮಬ್ಬೆಯ ಹೆಸರಿನಲ್ಲಿ ನಾವು ಪ್ರಶಸ್ತಿಯನ್ನು ಕೊಡುತ್ತಿದ್ದೇವೆ. ಅತ್ತಿಮಬ್ಬೆ ಮಾಡಿದ ಕೆಲಸವನ್ನು ಮಾತ್ರ ಪ್ರಶಸ್ತಿಯ ಜೊತೆಗೆ ಸೇರಿಸಿಲ್ಲ.

ಈಚಿನ ಕಾಲದಲ್ಲಿಯೂ ಅಂಥ ಕೆಲಸ ಮಾಡಿದವರಿದ್ದಾರೆ. ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಮನೆಮನೆಯ ತಾಯಂದಿರ ಹಾಡುಗಳನ್ನು ಕೇಳಿ ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ಎಂದು ಪ್ರಕಟಿಸಿದರು. ಬೀಸುವ ಕಲ್ಲಿನ ಮುಂದೆ ಹಾಡಿದ ಆ ತಾಯಂದಿರಿಗೆ ಯಾರೂ ಶಾಲು ಹೊದಿಸಲಿಲ್ಲ. ಆದರೂ ನಮ್ಮ ತರಗತಿಗಳಲ್ಲಿ ಇಂದು ಅವರ ಹಾಡು ಕೇಳಿಸುತ್ತದೆ. ಎಚ್. ಎಲ್. ನಾಗೇಗೌಡರು ಸರಕಾರಿ ಅಧಿಕಾರಿಗಳಾಗಿದ್ದುಕೊಂಡೇ ಹಳ್ಳಿಯ ಪದಗಳ ಬೆನ್ನು ಹತ್ತಿದರು. ಅವರು 1979ರಲ್ಲಿ ಜಾನಪದ ಪರಿಷತ್ತನ್ನು ಕಟ್ಟಿದರು, ಮುಂದೆ ರಾಮನಗರದ ಬಳಿ ಜಾನಪದ ಲೋಕವನ್ನು ಎಬ್ಬಿಸಿದರು. ದರೋಜಿಯ ಈರಮ್ಮನವರು ಅಕ್ಷರ ಕಲಿತವರಲ್ಲ. ಬುರ್ರಕಥೆಯ ದೊಡ್ಡ ದೊಡ್ಡ ಕಾವ್ಯಗಳು ಅವರ ಕಂಠದಲ್ಲಿದ್ದುವು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವವನ್ನು ಕೊಟ್ಟಿತು. ಅವರು ಹಾಡಿದ ಕಾವ್ಯಗಳಲ್ಲಿ ಕೆಲವು ಅಚ್ಚಾಗಿಯೂ ಬಂದುವು. ಅವರು 2014ರಲ್ಲಿ ತೀರಿಕೊಂಡರು, ಕಾವ್ಯ ತೀರಲಿಲ್ಲ. ಗೌರವವೂ ಪ್ರತಿಯೂ ಒಟ್ಟಿಗೆ ಬಂದರೆ ಎಂಥ ಫಲ ಬರುವುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

'ಅಕಾಡೆಮಿಗಳಿವೆ, ವಿಶ್ವವಿದ್ಯಾಲಯಗಳಿವೆ, ಈಗ ಎಲ್ಲವೂ ಅಂತರಜಾಲದಲ್ಲಿದೆ. ಹೊಸದಾಗಿ ಏನು ಬೇಕು?' ಎಂದು ಕೆಲವರು ಕೇಳಬಹುದು. ಸಿನಿಮಾ ಗಾಯಕರ, ಹೆಸರಾದ ಸಂಗೀತಗಾರರ ಮಟ್ಟಿಗೆ ಈ ಮಾತು ನಿಜ. ಅವರ ಧ್ವನಿ ಎಲ್ಲ ಕಡೆಯೂ ಇದೆ. ಅವರಿಗೆ ಪ್ರತಿಯ ಚಿಂತೆ ಬೇಡ. ಆದರೆ ಪಟ್ಟಿಯಲ್ಲಿ 'ಜಾನಪದ', 'ಬಯಲಾಟ' ಎಂಬ ಶೀರ್ಷಿಕೆಗಳ ಕೆಳಗೆ ಬರುವ ಹೆಸರುಗಳನ್ನು ಹುಡುಕಿ ನೋಡಿ. ಅನೇಕರ ವಿಷಯದಲ್ಲಿ ಸಿಕ್ಕುವುದು ಸನ್ಮಾನದ ಚಿತ್ರ, ಶಾಲಿನ ಚಿತ್ರ, ಮಂತ್ರಿಗಳೊಡನೆ ನಿಂತ ಚಿತ್ರ. ಹಾಡು ಸಿಕ್ಕಿದರೆ ಎರಡು ನಿಮಿಷದ ತುಣುಕು. ಅಕಾಡೆಮಿಗಳು ಧ್ವನಿಮುದ್ರಣ ಮಾಡಿಸಿರುವುದು ಸುಳ್ಳಲ್ಲ. ಆದರೆ ಪ್ರಶಸ್ತಿ ಒಂದು ಬಾಗಿಲಿನಿಂದ ಬರುತ್ತದೆ, ಮುದ್ರಣ ಇನ್ನೊಂದು ಬಾಗಿಲಿನಿಂದ ಬರುತ್ತದೆ. ಎರಡೂ ಒಂದೇ ಮನೆಗೆ ಬರುವುದು ಯೋಗಾಯೋಗ. ಇವೆರಡನ್ನೂ ಒಂದು ಮಾಡಬೇಕೆಂಬುದೇ ನನ್ನ ವಾದ.

ಆದುದರಿಂದ ಮೂರು ಸಲಹೆಗಳನ್ನು ವಿನಯಪೂರ್ವಕವಾಗಿ ಮುಂದಿಡುತ್ತೇನೆ.

ಮೊದಲನೆಯದು, ಕಾರಣ. ಪಟ್ಟಿಯ ಜೊತೆಗೆ ಪ್ರತಿವರ್ಷ ಒಂದು ಪುಸ್ತಕ ಬರಲಿ. ಒಬ್ಬೊಬ್ಬರಿಗೆ ಎರಡು ಪುಟ ಸಾಕು. ಅವರ ಕಲೆ ಯಾವುದು, ಯಾರಲ್ಲಿ ಕಲಿತರು, ಏನನ್ನು ಹೊಸದಾಗಿ ತಂದರು, ಏನನ್ನು ಉಳಿಸಿದರು, ಯಾರಿಗೆ ಕಲಿಸಿದರು, ಎಂಬುದನ್ನು ಬರೆದು, ಆಯ್ಕೆ ಮಾಡಿದವರು ಕೆಳಗೆ ತಮ್ಮ ಹೆಸರು ಹಾಕಲಿ. ಇದರಿಂದ ಇನ್ನೊಂದು ಪ್ರಯೋಜನವೂ ಉಂಟು. ಕಾರಣವನ್ನು ತನ್ನ ಹೆಸರಿನೊಡನೆ ಅಚ್ಚು ಹಾಕಿಸಬೇಕೆಂದಾಗ, ಕಾರಣವಿಲ್ಲದ ಹೆಸರನ್ನು ಸೇರಿಸಲು ಯಾರ ಕೈಯಾದರೂ ನಡುಗೀತು. ವಶೀಲಿಯನ್ನು ನಿಲ್ಲಿಸಲು ಕಾನೂನಿಗಿಂತ ನಾಚಿಕೆ ಹೆಚ್ಚು ಸಮರ್ಥವಾದುದು.

ಎರಡನೆಯದು, ಪ್ರತಿ. ಪ್ರಶಸ್ತಿ ಪಡೆದ ಕಲಾವಿದರ ಒಪ್ಪಿಗೆ ಪಡೆದು, ಅವರ ಶ್ರಮಕ್ಕೆ ತಕ್ಕ ಸಂಭಾವನೆ ಕೊಟ್ಟು, ಒಂದು ವರ್ಷದೊಳಗಾಗಿ ಅವರಿಗೆ ಬರುವುದನ್ನೆಲ್ಲ ಬಿಡುವಾಗಿ ಮುದ್ರಿಸಿಕೊಳ್ಳಬೇಕು. ಗಾಯಕರಿಗೆ ಧ್ವನಿ, ಆಟದವರಿಗೆ ಚಲಚ್ಚಿತ್ರ, ಶಿಲ್ಪಿ ಚಿತ್ರಕಾರರಿಗೆ ಕೃತಿಗಳ ಛಾಯಾಚಿತ್ರ. ಒಂದು ಪ್ರತಿ ರಾಜಧಾನಿಯ ಭಂಡಾರದಲ್ಲಿ, ಒಂದು ಆಯಾ ಜಿಲ್ಲೆಯ ಸರಕಾರಿ ಕಾಲೇಜಿನ ಗ್ರಂಥಾಲಯದಲ್ಲಿ, ಒಂದು ಕಲಾವಿದರ ಮನೆಯಲ್ಲಿ ಇರಲಿ. ಒಬ್ಬರಿಗೆ ಐದು ಲಕ್ಷವನ್ನು ಸಂತೋಷದಿಂದ ಕೊಡುವ ನಾಡಿಗೆ ಇದು ಭಾರವಾಗಲಾರದು.

ಮೂರನೆಯದು, ಶಿಷ್ಯ. ರಾಜ್ಯೋತ್ಸವ ಪ್ರಶಸ್ತಿ ಸಾಮಾನ್ಯವಾಗಿ ಅರವತ್ತು ದಾಟಿದವರಿಗೆ ಬರುವುದು. ಅದರಲ್ಲಿ ನ್ಯಾಯವುಂಟು, ಜೀವಮಾನದ ಕೆಲಸವನ್ನು ನೋಡಿ ಕೊಡುವ ಗೌರವವದು. ಆದರೆ ಆ ಹೊತ್ತಿಗೆ ಕುಣಿಯುವವನ ಕಾಲು ಸೋತಿರುತ್ತದೆ, ಹಾಡುವವಳ ಕಂಠ ಇಳಿದಿರುತ್ತದೆ. ಆದುದರಿಂದ ಹಿರಿಯರಿಗೆ ಪದಕ ಕೊಡುವ ದಿನವೇ, ಅವರು ತಾವಾಗಿ ಆರಿಸಿದ ಒಬ್ಬ ಕಿರಿಯನಿಗೆ ಎರಡು ವರ್ಷದ ವಿದ್ಯಾರ್ಥಿವೇತನವನ್ನೂ ಕೊಡಬೇಕು. ಗುರುವಿನ ಹಿಂದೆ ಶಿಷ್ಯನೂ ವೇದಿಕೆಯನ್ನೇರಲಿ. ಎಪ್ಪತ್ತು ಮಂದಿಯ ಹಿಂದೆ ಎಪ್ಪತ್ತು ಮಂದಿ ನಿಂತರೆ, ಆ ದಿನ ಸಭೆಯಲ್ಲಿ ಕುಳಿತವರಿಗೆ ಕಳೆದುದೂ ಕಾಣುವುದು, ಬರುವುದೂ ಕಾಣುವುದು.

ಸರಕಾರ ಇದನ್ನೆಲ್ಲ ಎಂದು ಮಾಡೀತೋ ಹೇಳಬಲ್ಲವರಾರು? ಅಲ್ಲಿಯವರೆಗೆ ನಾವು ಕೈಕಟ್ಟಿ ಕುಳಿತಿರಬೇಕಾಗಿಲ್ಲ. ನಮ್ಮ ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರ ವರ್ಷಕ್ಕೊಮ್ಮೆ ಏಳು ದಿನ ಒಂದು ಹಳ್ಳಿಯಲ್ಲಿ ನಡೆಯುತ್ತದೆ. ಚರಂಡಿ ತೆಗೆಯುತ್ತೇವೆ, ಗಿಡ ನೆಡುತ್ತೇವೆ, ಸಂಜೆ ನಾವೇ ವೇದಿಕೆಯೇರಿ ಸಿನಿಮಾ ಹಾಡಿಗೆ ಕುಣಿಯುತ್ತೇವೆ. ಹಳ್ಳಿಯವರು ಕುಳಿತು ನೋಡುತ್ತಾರೆ. ಒಂದು ಸಂಜೆಯಾದರೂ ಅವರು ಹಾಡಲಿ, ನಾವು ಕೆಳಗೆ ಕುಳಿತು ಬರೆದುಕೊಳ್ಳೋಣ. ಕನ್ನಡ ಐಚ್ಛಿಕದ ಮಿತ್ರರು ಒಬ್ಬೊಬ್ಬರು ರಜೆಯಲ್ಲಿ ತಮ್ಮೂರಿನ ಒಬ್ಬ ಹಿರಿಯರ ಹತ್ತು ಪದಗಳನ್ನು ತಂದರೆ, ಮೂವತ್ತು ಮಂದಿಯಿಂದ ಮುನ್ನೂರು ಪದಗಳಾದುವು. ಈ ವಾರ್ಷಿಕ ಸಂಚಿಕೆ ನಾಲ್ಕು ಪುಟಗಳನ್ನು ಅದಕ್ಕಾಗಿ ಬಿಟ್ಟುಕೊಡಲಾರದೆ?

ಇದನ್ನು ಉಪದೇಶವಾಗಿ ಹೇಳುತ್ತಿಲ್ಲ. ಉಪದೇಶಿಸುವ ಅಧಿಕಾರ ನನಗಿಲ್ಲ. ತಾತನ ಅರ್ಜಿಯನ್ನು ತುಂಬಲು ನಾನು ಮೂರು ದಿನ ಅವರ ಜಗಲಿಯಲ್ಲಿ ಕುಳಿತಿದ್ದೆ. ಮೂರು ದಿನವೂ ಮೊಬೈಲು ನನ್ನ ಜೇಬಿನಲ್ಲಿತ್ತು. ಅಂಕಣಗಳಿಗೆ ಉತ್ತರ ಹುಡುಕುವ ಗಡಿಬಿಡಿಯಲ್ಲಿ, ಉತ್ತರವೇ ಎದುರಿಗೆ ಕುಳಿತಿದೆಯೆಂಬುದು ನನಗೆ ಹೊಳೆಯಲಿಲ್ಲ. ಕೊನೆಯ ದಿನ ಮಧ್ಯಾಹ್ನ ಬೇಸರ ಕಳೆಯಲೆಂದು ತಾತ ತಾವಾಗಿ ಹಾಡತೊಡಗಿದರು. ಆಗ ಹಿಡಿದುಕೊಂಡುದು ನಲವತ್ತು ನಿಮಿಷ. ಒಂಬತ್ತು ರಾತ್ರಿಗಳ ಆಟದಲ್ಲಿ ನಲವತ್ತು ನಿಮಿಷ! ಕಚೇರಿ ಮರೆತುದನ್ನು ನಾನು ದೂರಲಾರೆ. ಏಕೆಂದರೆ ಪಕ್ಕದಲ್ಲಿ ಕುಳಿತಿದ್ದ ನಾನೂ ಮರೆತಿದ್ದೆ.

ಆ ನಲವತ್ತು ನಿಮಿಷದ ಪದಗಳನ್ನು ಕಿವಿಗೊಟ್ಟು ಕೇಳಿ, ಬರೆದು, ನಮ್ಮ ಕಾಲೇಜಿನ ಗ್ರಂಥಾಲಯಕ್ಕೆ ಕೊಟ್ಟಿದ್ದೇನೆ. ಕೆಲವೆಡೆ ಶಬ್ದ ತಿಳಿಯದೆ ಚುಕ್ಕೆಗಳನ್ನು ಇಟ್ಟಿದ್ದೇನೆ. ಆ ಕಡೆಯ ಆಟಗಳನ್ನು ಬಲ್ಲ ಮಿತ್ರರು ಯಾರಾದರೂ ಇದ್ದರೆ ದಯವಿಟ್ಟು ನೋಡಿ, ಚುಕ್ಕೆಗಳಿರುವ ಕಡೆ ಶಬ್ದಗಳನ್ನು ತುಂಬಿಕೊಡಬೇಕೆಂದು ಬೇಡುತ್ತೇನೆ. ತಾತನಿಗೆ ನಾವು ಕೊಡಬಹುದಾದ ಪ್ರಶಸ್ತಿ ಈಗ ಅದೊಂದೇ.